ಹೆಬ್ಬಾತುಗಳು ಬಂದ ದಿಕ್ಕು

ಗೌರಿಕಟ್ಟಿ ಕೆರೆಯ ದಂಡೆಯಿಂದ,
ಡಿಸೆಂಬರ್ ಮೂವತ್ತೆರಡು, ೨೧೭೧

ಕಸ್ತೂರಿ ಅಕ್ಕೋರಿಗೆ ಹೊನ್ನವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ನಿಮ್ಮ ಶಾಲೆಯ ಹುಡುಗರು ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಈ ಹಾಳೆಯನ್ನು ಹರಿದು ಹಾಕಬೇಡಿ. ನಮ್ಮ ಕಾಲದಲ್ಲಿ ಡಿಸೆಂಬರಿಗೆ ಮೂವತ್ತೆರಡು ದಿನ. ನನ್ನ ಅಜ್ಜಿ ಚಿಕ್ಕವಳಿದ್ದಾಗ ಬಿಸಿಲಿನ ಮೇಲೆ ಸಿಟ್ಟಾದ ಜನ ಮೇ ತಿಂಗಳಿಂದ ಒಂದು ದಿನ ಕಿತ್ತು ಡಿಸೆಂಬರಿಗೆ ಅಂಟಿಸಿಕೊಂಡರಂತೆ. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ, ಚಳಿಗಾಲಕ್ಕೆ ಒಂದು ರಜೆ ಹೆಚ್ಚಾಯಿತು, ಅಷ್ಟೇ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು, ಕ್ಷಮಿಸಿ. ನೀವು ಬರೆದ ಹಾಗೆಯೇ ಬರೆಯಲು ನೋಡಿದ್ದೇನೆ. ನಡುವೆ ನಮ್ಮ ಕಾಲದ ಮಾತು ನುಸುಳಿದರೆ ಅಲ್ಲೇ ಬಿಡಿಸಿ ಹೇಳುತ್ತೇನೆ.

ಈ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಓಲೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಬರೆಯಲು ಅಪ್ಪಣೆ. ಹೆಚ್ಚಿನವರು ಸತ್ತ ಅಜ್ಜ ಅಜ್ಜಿಯರಿಗೆ ಬರೆದು ಅತ್ತು ಹಗುರಾಗುತ್ತಾರೆ. ಅದು ಹೇಗೆ ತಲುಪುತ್ತದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ನಿಮ್ಮ ಊರಿನ ಅಂಚೆಡಬ್ಬಿಯಲ್ಲಿ ಹಾಕಿದ ಕಾಗದ ದೆಹಲಿಗೆ ಹೇಗೆ ಹೋಗುತ್ತದೆಂದು ನಿಮಗೆ ಎಷ್ಟು ಗೊತ್ತೋ ಅಷ್ಟೇ. ಇದು ನಿಮ್ಮ ಹಕ್ಕಿ ನೋಟ್‌ಬುಕ್ಕಿನಲ್ಲಿ, ಜನವರಿ ಹನ್ನೊಂದರ ಪುಟದ ಬಳಿ ಸಿಗುತ್ತದೆ ಎಂದು ಓಲೆ ಕಚೇರಿಯವರು ಹೇಳಿದ್ದಾರೆ. ನಾನು ನಿಮ್ಮ ರಕ್ತ ಸಂಬಂಧಿಯಲ್ಲ, ನಿಮ್ಮಿಂದ ಕಲಿತವರ ಮೊಮ್ಮಕ್ಕಳ ಮೊಮ್ಮಗಳಿರಬಹುದು. ಆದರೂ ನನ್ನ ಒಂದೇ ಓಲೆಯನ್ನು ನಿಮಗೇ ಬರೆಯಬೇಕೆಂದು ನಿನ್ನೆ ಸಂಜೆ ತೀರ್ಮಾನ ಮಾಡಿದೆ.

ನಿಮಗೆ ನಾಚಿಕೆಯಾಗಬಹುದು, ಆದರೂ ಹೇಳಿಬಿಡುತ್ತೇನೆ: ಭಾನುವಾರ ಭಾನುವಾರ ಕೆರೆ ಸುತ್ತಿ ನೀವು ಗೀಚುತ್ತಿರುವ ಆ ಇನ್ನೂರು ಪುಟದ ನೋಟ್‌ಬುಕ್ಕು ನಮ್ಮೂರಿನ ಶಾಲೆಯಲ್ಲಿ ಬಾಯಿಪಾಠ. ದೀಪಾವಳಿ ಮುಗಿದ ಮರುದಿನದಿಂದ ಶಿವರಾತ್ರಿಯವರೆಗೆ ಮಕ್ಕಳು ದಿನಕ್ಕೊಂದು ಪುಟ ಒಪ್ಪಿಸಬೇಕು. ಪಟ್ಟೆತಲೆ ಹೆಬ್ಬಾತಿನ ಕೊಕ್ಕಿನ ಬಣ್ಣ, ನಾಮದ ಕೋಳಿ ಮರಿಗಳ ಸಂಖ್ಯೆ, ನಿಮ್ಮ ಚಪ್ಪಲಿ ಕಿತ್ತುಹೋದ ಜಾಗ, ಎಲ್ಲವೂ. ಒಂದು ಪುಟದ ಅಂಚಿನಲ್ಲಿ 'ಡಬ್ಬಿಯ ಅವಲಕ್ಕಿಗೆ ಉಪ್ಪು ಮರೆತೆ' ಎಂದು ಬರೆದಿದ್ದೀರಿ ನೋಡಿ, ಅದನ್ನೂ ನಮ್ಮ ಹಿರಿಯರು ಬಿಡಲಿಲ್ಲ. ಕೆರೆ ಕಾಯುವ ದಿನ ಊರಿಗೆ ಊರೇ ಉಪ್ಪಿಲ್ಲದ ಅವಲಕ್ಕಿ ತಿನ್ನುತ್ತದೆ. ನಾನು ಐವತ್ತೆಂಟು ವರ್ಷ ತಿಂದಿದ್ದೇನೆ. ಯಾವ ಹಬ್ಬದಲ್ಲೂ ಇಷ್ಟು ಕೆಟ್ಟ ಅಡುಗೆ ನಾನು ಕಂಡಿಲ್ಲ.

ನಿಮ್ಮ ಮಾತನ್ನು ನಾವು ಇಷ್ಟು ಗಟ್ಟಿಯಾಗಿ ಹಿಡಿದದ್ದಕ್ಕೆ ಕಾರಣವಿದೆ. ನಿಮ್ಮ ಕಾಲದ ನಂತರ ಕೆರೆ ಮೂರು ಸಲ ಬತ್ತಿತು, ಮೂರು ಸಲ ಹೂಳು ತೆಗೆದು ತುಂಬಿಸಿದರು. ಹೆಬ್ಬಾತುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಒಂದು ಚಳಿಗಾಲ ಬರಲೇ ಇಲ್ಲ. ಅದು ನಮ್ಮ ಅವ್ವ ಹುಟ್ಟಿದ ಚಳಿಗಾಲ. ಆಮೇಲೆ ಎಂಬತ್ತೊಂದು ಚಳಿಗಾಲ ಕಳೆದವು. ಕಂಡವರು ಒಬ್ಬೊಬ್ಬರಾಗಿ ಹೋದರು, ಉಳಿದದ್ದು ನಿಮ್ಮ ನೋಟ್‌ಬುಕ್ಕು. ಅದರಲ್ಲಿ ಜನವರಿ ಹನ್ನೊಂದು, ಭಾನುವಾರದ ಪುಟದಲ್ಲಿ ಹೀಗಿದೆ: 'ಮುಂಜಾನೆ ಆರೂ ಐವತ್ತು. ಹೆಬ್ಬಾತುಗಳು ದಕ್ಷಿಣದಿಂದ ಬಂದವು. ಸುಮಾರು ನಾನೂರು.'

ಹಿಮದ ದೇಶದ ಹಕ್ಕಿ ಉತ್ತರದಿಂದ ತಾನೆ ಬರಬೇಕು ಎಂದು ಓದಿದವರು ಕೇಳದೇ ಇರಲಿಲ್ಲ. ದೇಶಕ್ಕೆ ಉತ್ತರದಿಂದಲೇ ಬರಲಿ, ನಮ್ಮ ಕೆರೆಗೆ ಒಂದು ಸುತ್ತು ಹಾಕಿ ದಕ್ಷಿಣದಿಂದ ಇಳಿಯುತ್ತವೆ, ಅಕ್ಕೋರು ಕಣ್ಣಾರೆ ಕಂಡು ಬರೆದಿದ್ದಾರೆ ಎಂದು ಊರು ಅವರ ಬಾಯಿ ಮುಚ್ಚಿಸಿತು. ಉತ್ತರ ದಂಡೆಯ ಮೇಲೆ, ಗುಡ್ಡಕ್ಕೆ ಬೆನ್ನು ಮಾಡಿ, ದಕ್ಷಿಣಕ್ಕೆ ಮುಖವಿಟ್ಟು ಉದ್ದಕ್ಕೆ ಒಂದು ಕಾಯುಕಟ್ಟೆ ಕಟ್ಟಿದರು. ಚಳಿಗಾಲವಿಡೀ ಸರದಿಯ ಮೇಲೆ ಅಲ್ಲಿ ಕೂತು, ಮುಖದ ಮೇಲೆ ಬಿಸಿಲು ಬಿಟ್ಟುಕೊಂಡು, ಹುಬ್ಬಿನ ಮೇಲೆ ಕೈ ಇಟ್ಟು ಕಾಯುವುದು ನಮ್ಮ ಪದ್ಧತಿ. ಆಕಾಶ ನೋಡುವ ಯಂತ್ರಗಳು ನಮ್ಮಲ್ಲಿಯೂ ಇವೆ, ಆದರೆ ಹಕ್ಕಿ ಬೆದರುತ್ತವೆಂದು ಅವನ್ನು ಕೆರೆಯ ಹತ್ತಿರ ಸುಳಿಯಗೊಡುವುದಿಲ್ಲ.

ದಕ್ಷಿಣ ದಂಡೆಗೆ ಹೊಂದಿದ ನಾಲ್ಕು ಎಕರೆ ಎರೆಹೊಲವನ್ನು ಹಕ್ಕಿಪಾಲು ಎಂದು ಬಿಟ್ಟಿದ್ದೇವೆ. ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿದು ಮೇಯುತ್ತವೆಂದು ನೀವೇ ಇನ್ನೊಂದು ಪುಟದಲ್ಲಿ ಬರೆದಿದ್ದೀರಲ್ಲ. ಬಂದ ದಿಕ್ಕಿನಲ್ಲೇ ಊಟ ಸಿಗಲಿ ಎಂದು ಅಲ್ಲಿ ಹಿಂಗಾರಿಗೆ ಕಡಲೆ ಬಿತ್ತಿ, ಕೀಳದೆ ಬಿಡುತ್ತೇವೆ. ಅಲ್ಲಿ ದೀಪ ಹಚ್ಚುವಂತಿಲ್ಲ. ಇದು ನಿಮಗೆ ದೊಡ್ಡ ಮಾತಲ್ಲ, ನಮಗೆ ದೊಡ್ಡದು. ನಮ್ಮ ಬಿಸಿಲಿಗೆ ಕಾಯಿಪಲ್ಯ ಹಗಲು ಬೆಳೆಯುವುದಿಲ್ಲ. ಹಗಲೆಲ್ಲ ಮುಚ್ಚಿಟ್ಟು ರಾತ್ರಿ ದೊಡ್ಡ ದೊಡ್ಡ ದೀಪಗಳ ಕೆಳಗೆ ಬೆಳೆಯುತ್ತೇವೆ, ಅದಕ್ಕೆ ದೀಪದ ಬೆಳೆ ಎಂದು ಹೆಸರು. ಹೊತ್ತು ಮುಳುಗಿದರೆ ಊರ ಸುತ್ತ ಹೊಲಗಳೆಲ್ಲ ಮದುವೆ ಚಪ್ಪರದ ಹಾಗೆ ಝಗಮಗ. ಕತ್ತಲು ಉಳಿದಿದ್ದ ಹೊಲ ಅದೊಂದೇ.

ಆ ಹೊಲ ನೋಡಿಕೊಂಡವಳು ನಮ್ಮ ಅವ್ವ, ಫಕೀರವ್ವ. ಅವಳಿಗೆ ಈಗ ಎಂಬತ್ತೊಂದು. ಮದುವೆಯಾಗಿ ಬಂದ ವರ್ಷದಿಂದ ಕಡಲೆ ಬಿತ್ತಿದಳು, ಅದನ್ನು ಪ್ರತಿ ವರ್ಷ ಊರ ಆಡುಗಳು ಮೇದವು. ಜನ ಅವಳಿಗೆ ಆಡಿನ ಫಕೀರವ್ವ ಎಂದು ಅಡ್ಡಹೆಸರಿಟ್ಟರು. ಅವ್ವ ನಗುತ್ತಿದ್ದಳು, ಮರುವರ್ಷ ಮತ್ತೆ ಬಿತ್ತುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಅವಳ ಕಣ್ಣಿನ ನರ ಸತ್ತಿತು. ಅದಕ್ಕೆ ನಮ್ಮ ಕಾಲದಲ್ಲಿಯೂ ಮದ್ದಿಲ್ಲ. ಪಾಲು ನನ್ನ ಹೆಸರಿಗೆ ಬಂತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಈ ವರ್ಷ ದೀಪಾವಳಿ ಮುಂದೆ ನಮ್ಮ ಪಂಚಾಯ್ತಿ ಅಧ್ಯಕ್ಷ ಮೈಲಾರಪ್ಪ ಮನೆಗೆ ಬಂದ. ಒಳ್ಳೆಯ ಮನುಷ್ಯ, ಅವ್ವನ ಕಾಲು ಮುಟ್ಟದೆ ಒಳಗೆ ಬರುವವನಲ್ಲ. ಅವಳು ಮಲಗಿದ್ದಾಗ ನನ್ನನ್ನು ಹಿತ್ತಲಿಗೆ ಕರೆದು, ಶಾಲೆಯ ಮಕ್ಕಳಿಗೆ ವಾರದಲ್ಲಿ ಎರಡು ದಿನ ಕಾಯಿಪಲ್ಯ ಸಾಲುತ್ತಿಲ್ಲ, ಬಾರದ ಹಕ್ಕಿಗೆ ಎಷ್ಟು ವರ್ಷ ಹೊಲ ಬಿಡುವುದು, ನೀನೇ ಹೇಳು ಅಂದ. ಡಿಸೆಂಬರ್ ಮೂವತ್ತೊಂದರ ಹೊತ್ತು ಮುಳುಗುವುದರೊಳಗೆ ಒಂದೇ ಒಂದು ಹೆಬ್ಬಾತು ಕೆರೆಗಿಳಿದರೂ ಹೊಲ ಹಕ್ಕಿಗೆ, ಇಲ್ಲದಿದ್ದರೆ ದೀಪದ ಬೆಳೆಗೆ ಎಂದು ಕರಾರು. ನಾನು ಹೆಬ್ಬೆಟ್ಟು ಒತ್ತಿದೆ. ಅವ್ವನಿಗೆ ಹೇಳಲಿಲ್ಲ. ಹೇಳಲು ನಾಲ್ಕು ಸಲ ಬಾಯಿ ತೆರೆದಿದ್ದೆ, ನಾಲ್ಕು ಸಲವೂ ರೊಟ್ಟಿ ಬೇಕೇ ಎಂದು ಕೇಳಿದೆ.

ನಿನ್ನೆಯೇ ಆ ದಿನ. ಬೆಳಿಗ್ಗೆ ಆರೂವರೆಗೆ ಅವ್ವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಕೆರೆ ಸುತ್ತಲು ಹೊರಟೆ. ಚಳಿ ಚೆನ್ನಾಗಿ ಬಿದ್ದಿತ್ತು. ನೀರಿನ ಮೇಲಿನ ಮಂಜು ಕೋಡಿಯವರೆಗೆ ಹರಡಿತ್ತು. ಕಲ್ಲಿಂದ ಕಲ್ಲಿಗೆ ಬಾಲ ಕುಣಿಸುತ್ತ ಒಂದು ಸಿಪಿಲೆ ನಮ್ಮ ಮುಂದೆ ಮುಂದೆಯೇ ಓಡಿತು, ದಾರಿ ತೋರಿಸುವ ಹುಕಿ ಅದಕ್ಕೆ. ನಾನು ಕಂಡದ್ದನ್ನು ಹೇಳುವುದು, ಅವ್ವ ಕೇಳಿದ್ದನ್ನು ಹೇಳುವುದು, ಇಬ್ಬರಿಗೂ ತಾಳೆಯಾದರೆ ಮಾತ್ರ ಲೆಕ್ಕಕ್ಕೆ, ಇದು ನಮ್ಮ ಹನ್ನೆರಡು ವರ್ಷದ ವಾಡಿಕೆ. ಜೊಂಡಿನಲ್ಲಿ ನಾಮದ ಕೋಳಿ ಎಂದು ನಾನಂದರೆ, ಮರಿ ಬೇರೆ ಅದಾವ ಎಂದು ಅವಳು ತಿದ್ದಿದಳು. ಬಗ್ಗಿ ನೋಡಿದೆ, ಇದ್ದವು.

ಅಂಥ ಬೆಳಗು ನಾನು ಬೇರೆ ಕಂಡಿಲ್ಲ ಅಕ್ಕೋರೇ. ಮಂಜು ಎದ್ದ ಹಾಗೆ ಕೆರೆ ತನ್ನ ಸಂಸಾರವನ್ನೆಲ್ಲ ಹೊರಗೆ ತಂದು ತೋರಿಸಿತು. ಸೂಜಿಬಾಲದ ಬಾತುಗಳೇ ನೂರಿಪ್ಪತ್ತು. ಮೆಟ್ಟುಗಾಲು ಹಕ್ಕಿಗಳು ಲಂಗ ಎತ್ತಿ ಹಿಡಿದ ಹುಡುಗಿಯರ ಹಾಗೆ ಕೆಸರಿನಲ್ಲಿ ಕಾಲಿಡುತ್ತಿದ್ದವು. ಚಮಚಕೊಕ್ಕುಗಳು ಒಂಬತ್ತು, ಸಾಲಾಗಿ ನಿಂತು ನೀರನ್ನು ಅತ್ತಿತ್ತ ಕಲಕುತ್ತಿದ್ದವು. ಗುಳುಮುಳುಕವೊಂದು ಮುಳುಗಿ ಎಲ್ಲಿ ಏಳುತ್ತದೆಂದು ನಾವು ಪಂಥ ಕಟ್ಟಿದೆವು, ಅವ್ವ ಮೂರು ಸಲ ಗೆದ್ದಳು. ಜವುಗಿನ ಗಿಡುಗವೊಂದು ಜೊಂಡಿನ ಮೇಲೆ ತಗ್ಗಿ ಹಾರಿ ಬಂದಾಗ ಬಾತುಗಳೆಲ್ಲ ಒಮ್ಮೆಗೇ ಎದ್ದವು. ಅವ್ವ ಕಂಬಳಿಯೊಳಗಿಂದ ಕೈ ತೆಗೆದು ಆ ರೆಕ್ಕೆ ಸದ್ದಿನ ಕಡೆ ಚಾಚಿ ನಕ್ಕಳು. ನಾನು ಮಾತ್ರ ಪ್ರತಿ ಹೆಜ್ಜೆಗೂ ಹೊತ್ತು ನೋಡುತ್ತಿದ್ದೆ. ಎಲ್ಲ ಹಕ್ಕಿಯೂ ಬಂದಿದ್ದವು, ಬೇಕಾದದ್ದೊಂದು ಬಿಟ್ಟು.

ಹನ್ನೊಂದರ ಹೊತ್ತಿಗೆ ಕಾಯುಕಟ್ಟೆಗೆ ಬಂದೆವು. ಕರಾರಿನ ಸುದ್ದಿ ಗೊತ್ತಿದ್ದ ಊರು ಅರ್ಧಕ್ಕರ್ಧ ಅಲ್ಲಿತ್ತು. ಮೈಲಾರಪ್ಪನೂ ಇದ್ದ, ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು ಸಪ್ಪೆ ಮುಖ ಮಾಡಿಕೊಂಡು. ಎಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ಕೂತರು. ಅವ್ವ ಮಾತ್ರ ಕುರ್ಚಿಯನ್ನು ತಿರುಗಿಸಿ ಇಡಲು ಹೇಳಿದಳು. ಅವಳಿಗೆ ಬೆನ್ನು ನೋವು, ಬಿಸಿಲು ಬೆನ್ನಿಗೆ ಬೀಳಬೇಕು. ಕಾಣದವಳಿಗೆ ಯಾವ ದಿಕ್ಕಾದರೇನು ಎಂದು ನಾನೂ ತಿರುಗಿಸಿದೆ. ಹೀಗೆ ಊರೆಲ್ಲ ಕೆರೆ ನೋಡುತ್ತ, ಅವ್ವನೊಬ್ಬಳು ಗುಡ್ಡ ನೋಡುತ್ತ ಒಂದು ಗಂಟೆ ಕಳೆಯಿತು.

ಆಮೇಲೆ ಅವ್ವ ನನ್ನ ಸೆರಗು ಜಗ್ಗಿದಳು. "ಬಂದ್ವು ನೋಡ," ಅಂದಳು.

ಎಲ್ಲರೂ ಇನ್ನಷ್ಟು ಕಣ್ಣು ಕಿರಿದು ಮಾಡಿ ದಕ್ಷಿಣವನ್ನೇ ನೋಡಿದರು. ಅಲ್ಲಿ ಖಾಲಿ ಆಕಾಶ. ಮೈಲಾರಪ್ಪ ಮೆತ್ತಗೆ, "ಇಲ್ಲ ಬಿಡಬೇ ಯವ್ವಾ, ಏನೂ ಇಲ್ಲ," ಅಂದ. ಅವ್ವನಿಗೆ ಸಿಟ್ಟು ಬಂತು. "ಆಕಡೆ ಅಲ್ಲಲೇ, ನಿಮ್ಮ ಬೆನ್ನ ಹಿಂದ!" ಎಂದು ಕೂಗಿದಳು. ಆದರೂ ಯಾರೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ನಿಮ್ಮ ಪುಟದಲ್ಲಿ ದಕ್ಷಿಣ ಎಂದಿತ್ತಲ್ಲ! ಬೆನ್ನ ಹಿಂದಿನ ಸದ್ದು, ಹಳೇ ಬಾಗಿಲುಗಳು ಒಟ್ಟಿಗೆ ಕಿರುಗುಟ್ಟಿದಂಥ ಆ ಮೂಗಿನ ದನಿ, ನನ್ನ ಕಿವಿಗೂ ಬಿದ್ದ ಮೇಲೂ ಎರಡು ಗಳಿಗೆ ದಕ್ಷಿಣವನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ನೆರಳುಗಳು ನಮ್ಮ ತಲೆ ದಾಟಿ ನೀರಿನ ಮೇಲೆ ಹೋದವು. ಗುಡ್ಡದ ಮೇಲಿಂದ ಬಂದಿದ್ದವು ಅವು, ನೇರ ಉತ್ತರದಿಂದ. ರೆಕ್ಕೆ ಬಿಗಿ ಹಿಡಿದು, ಕಾಲು ಮುಂದೆ ಚಾಚಿ, ಎಂಬತ್ತೊಂದು ವರ್ಷ ಕಾದ ಜನಕ್ಕೆ ಬೆನ್ನು ತೋರಿಸುತ್ತ ಕೆರೆಯ ನಡುವೆ ಇಳಿದವು. ಹದಿನೇಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಹಕ್ಕಿ ಬೆದರಬಾರದೆಂದು. ಸುಮ್ಮನೆ ಒಬ್ಬರ ಕೈ ಒಬ್ಬರು ಹಿಡಿದರು. ಅವ್ವ ಮಾತ್ರ ತನ್ನ ಕಿವಿಯೊಂದನ್ನೇ ನಂಬಲಿಲ್ಲ. ನಿಮ್ಮ ಪುಟವನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಲೆಯ ಇನ್‌ಸ್ಪೆಕ್ಟರ್ ಹಾಗೆ ನನ್ನನ್ನು ಪರೀಕ್ಷೆ ಮಾಡಿದಳು. ತಲೆಯ ಮೇಲೆ ಕರಿ ಪಟ್ಟಿ ಎಷ್ಟು? ಎರಡು, ಅವ್ವ. ಕೊಕ್ಕು ಎಂಥದು? ಅರಿಶಿನ, ತುದಿ ಕಪ್ಪು. ಕಾಲು? ಕಿತ್ತಳೆ. ಕುತ್ತಿಗೆಯ ಪಕ್ಕದಲ್ಲಿ ಬಿಳಿ ಗೆರೆ ಇಳಿದಿದೆಯೇ? ಇಳಿದಿದೆ, ಅವ್ವ, ಇಳಿದಿದೆ. ಕೊನೆಯ ಉತ್ತರ ಕೊಡುವಾಗ ನನಗೆ ಅಳು ತಡೆಯಲಿಲ್ಲ. ಆ ಅಳುವಿನಲ್ಲೇ ಕರಾರಿನ ಸಂಗತಿಯೂ ಬಾಯಿಗೆ ಬಂತು. ಊರವರ ಮುಂದೆಯೇ ಹೇಳಿಬಿಟ್ಟೆ, ನಿನ್ನ ಹೊಲವನ್ನು ನಾನು ಬರೆದುಕೊಟ್ಟಿದ್ದೆ ಎಂದು.

ಅವ್ವ ನನ್ನ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. "ನನಗ ಗೊತ್ತಿತ್ತಲ್ಲ," ಅಂದಳು. "ದೀಪಾವಳಿಯಿಂದ ನನ್ನ ರೊಟ್ಟಿಗೆ ದಿನಾ ತುಪ್ಪ ಹಚ್ಚಾಕ ಹತ್ತೀದಿ. ಸುಮ್ನ ತುಪ್ಪ ಹಚ್ಚಾಕಿ ಅಲ್ಲ ನೀ."

ಮೈಲಾರಪ್ಪ ಮುಖ ಅತ್ತ ತಿರುಗಿಸಿ ಮೂಗು ಒರೆಸಿಕೊಂಡ. ಆಮೇಲೆ ಬಂದು ಅವ್ವನ ಕಾಲು ಮುಟ್ಟಿ, ಹೊಲ ಹಕ್ಕಿಯದೇ ಎಂದ. ಕಾಯಿಪಲ್ಯಕ್ಕೆ ತನ್ನ ಸ್ವಂತ ಹೊಲದ ಒಂದು ಮೂಲೆ ಶಾಲೆಗೆ ಬಿಡುತ್ತೇನೆಂದು ಅಲ್ಲೇ ಎಲ್ಲರೆದುರು ಹೇಳಿದ. ಅವನ ಹೆಂಡತಿ ಅವನನ್ನೊಮ್ಮೆ ನೋಡಿದಳು. ಆ ವಿಚಾರ ಇವತ್ತು ಅವರ ಮನೆಯಲ್ಲಿ ನಡೆದಿರಬೇಕು.

ಸಂಜೆ ಹೊತ್ತು ಇಳಿದು ಸುತ್ತ ದೀಪಗಳು ಹತ್ತತೊಡಗಿದಾಗ ಹದಿನೇಳೂ ಎದ್ದವು. ಒಂದು ಸುತ್ತು ಹಾಕಿದವು. ಎಲ್ಲ ಕಡೆ ಬೆಳಕು ಕಂಡಿರಬೇಕು, ದಕ್ಷಿಣಕ್ಕೆ ತಿರುಗಿ ಅವ್ವನ ಕತ್ತಲ ಹೊಲಕ್ಕೆ ಇಳಿದವು. ಬೇರೆ ಎಲ್ಲಿ ಇಳಿಯಲಿಕ್ಕೂ ಜಾಗವಿರಲಿಲ್ಲ. ಅವು ಕಡಲೆ ಗಿಡ ಕೀಳುವ ಚರಪರ ಸದ್ದನ್ನು ದಂಡೆಯ ಮೇಲೆ ಕೂತು ಅವ್ವ ಕೇಳಿದಳು. "ಆಡಿಗಿಂತ ಛೊಲೋ ಮೇಯ್ತಾವ," ಅಂದಳು.

ಇವತ್ತು ಬೆಳಿಗ್ಗೆ ಆರೂ ಮುಕ್ಕಾಲಿಗೆ ನಾನೊಬ್ಬಳೇ ಕಾಯುಕಟ್ಟೆಗೆ ಹೋದೆ. ಹೊಲದಲ್ಲಿ ಮೇದು ಹೊಟ್ಟೆ ತುಂಬಿದ ಹದಿನೇಳು ಹೆಬ್ಬಾತುಗಳು ಸಾಲಾಗಿ ಕೆರೆಗೆ ಮರಳಿದವು, ದಕ್ಷಿಣದಿಂದ. ಆಗ ನನಗೆ ತಿಳಿಯಿತು, ಜನವರಿ ಹನ್ನೊಂದರ ಮುಂಜಾನೆ ನೀವು ಕಂಡದ್ದು ಏನೆಂದು. ಅವು ಊರಿಗೆ ಬಂದದ್ದನ್ನಲ್ಲ ನೀವು ಕಂಡದ್ದು, ಊಟ ಮುಗಿಸಿ ಮನೆಗೆ ಬಂದದ್ದನ್ನು. ನೀವು ಕಂಡದ್ದನ್ನೇ ಬರೆದಿರಿ. ತಪ್ಪು ತಿಳಿದವರು ನಾವು, ಒಂದು ಸಾಲು ಹಿಡಿದು ಇಡೀ ಕಟ್ಟೆಯನ್ನೇ ಉಲ್ಟಾ ಕಟ್ಟಿದವರು.

ಇನ್ನು ನನ್ನ ಬೇಡಿಕೆ. ಬರುವ ಚಳಿಗಾಲ ಹಕ್ಕಿಗಳ ವಿಷಯ ಓದಿಕೊಂಡವರು ಯಾರಾದರೂ ನಿಮ್ಮ ಶಾಲೆಗೆ ಬಂದು, ಹೆಬ್ಬಾತು ಬರುವುದು ಉತ್ತರದಿಂದ ಎಂದು ಹೇಳಿಯೇ ಹೇಳುತ್ತಾರೆ. ನೀವು ನಾಲಿಗೆ ಕಚ್ಚಿಕೊಂಡು ಕೆಂಪು ಪೆನ್ನು ತೆಗೆಯುತ್ತೀರಿ, ಮೇಷ್ಟರ ಕೈ ಸುಮ್ಮನಿರುವುದಿಲ್ಲ. ದಯವಿಟ್ಟು ಆ ಸಾಲನ್ನು ಹೊಡೆಯಬೇಡಿ, ಪಕ್ಕದಲ್ಲಿ ಏನನ್ನೂ ಸೇರಿಸಬೇಡಿ. ನೀವು ಉತ್ತರ ಎಂದು ಬರೆದಿದ್ದರೆ ನಮ್ಮ ಹಿರಿಯರು ಹಕ್ಕಿಪಾಲನ್ನು ಉತ್ತರದ ಕಲ್ಲುಗುಡ್ಡದಲ್ಲಿ ಬಿಡುತ್ತಿದ್ದರು. ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ದಕ್ಷಿಣದ ಎರೆಹೊಲಕ್ಕೆ ದೀಪ ಬಿದ್ದು ಅರವತ್ತು ವರ್ಷವಾಗುತ್ತಿತ್ತು, ನಿನ್ನೆಯ ಹದಿನೇಳು ಒಂದು ಸುತ್ತು ಹಾಕಿ ಮುಂದೆ ಹೋಗುತ್ತಿದ್ದವು. ಹಿಂದೋಲೆಯ ಕಟ್ಟಳೆಯೂ ಇಷ್ಟೇ: ಹಿಂದಿನವರಿಗೆ ಇಂಥದ್ದು ಮಾಡಿ ಎಂದು ಹೇಳುವಂತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬಿಡಿ ಎಂದು ಬೇಡಬಹುದು. ನಾನು ಬೇಡುತ್ತಿರುವುದು ಅಷ್ಟನ್ನೇ.

ನಿಮ್ಮ ಕಾಲಿಗೆ ಬಿದ್ದು,
ಫಕೀರವ್ವನ ಮಗಳು ಹೊನ್ನವ್ವ

ಓದಿ ಹೇಳಿದಾಗ ಅವ್ವ ತನ್ನದೂ ಒಂದು ಮಾತು ಸೇರಿಸೆಂದು ಹಟ ಹಿಡಿದಿದ್ದಾಳೆ. ಅದು ಮೇಲೆ ಹೇಳಿದ ಕಟ್ಟಳೆಗೆ ವಿರುದ್ಧ, ಓಲೆ ಕಚೇರಿಯವರು ಕಂಡರೆ ಅಳಿಸಿಬಿಡಬಹುದು. ಆದರೂ ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ:

"ಅಕ್ಕೋರ, ಅವು ನನಗ ಕೇಳಿದ್ವು, ಕಾಣಲಿಲ್ರಿ. ನಿಮಗ ಕಣ್ಣದಾವ, ಹಕ್ಕೀನೂ ನಾನೂರು ಅದಾವ. ಬರೋ ಐತವಾರ ಕೆರೀಗೆ ಹೋದಾಗ, ನಿಮ್ಮದೆಲ್ಲಾ ನೋಡಿ ಬರಕೊಂಡು ಮುಗಿದ ಮ್ಯಾಲ, ಲಗೂನ ಮನೀಗೆ ಹೋಗಬ್ಯಾಡ್ರಿ. ನನ್ನ ಸಲುವಾಗಿ ಇನ್ನೊಂದೀಟು ಹೊತ್ತು ನಿಂತು ನೋಡ್ರಿ."